ಬಟ್ಟಲು ನನ್ನ ಕೈಗೆ ಬಂದಾಗ

ಜಪಾನಿನವರ ಕ್ರಮದಲ್ಲಿ ಚಹಾ ಕುಡಿದು ಬರೋಣ ಎಂದದ್ದು ನಮ್ಮ ಮನೆಯವರು. ಏಪ್ರಿಲ್ ತಿಂಗಳು, ಕ್ಷಯಕ್ಕೆ ಕೊಟ್ಟಿದ್ದ ಆರು ತಿಂಗಳ ಮಾತ್ರೆ ಮುಗಿದ ಸಂಜೆ. ಖಾಲಿಯಾದ ಮಾತ್ರೆಯ ಹಾಳೆಯನ್ನು ಕಸಕ್ಕೆ ಹಾಕದೆ ಮೇಜಿನ ಮೇಲೆ ಇಟ್ಟುಕೊಂಡು, ಒಂದೊಂದೇ ಗುಳಿಯನ್ನು ಬೆರಳಿನಿಂದ ಒತ್ತುತ್ತಾ ಕೂತಿದ್ದರು. ಸ್ಟಾಕ್‌ಹೋಮಿನಲ್ಲಿ ಮಗಳು ಒಂದು ಕಡೆ ಹೇಳಿಟ್ಟಿದ್ದಾಳೆ, ಶನಿವಾರ ಹೋಗೋಣ ಎಂದರು. ನಾನು ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. ಆಗಲಿ ಎಂದೆ.

ನಾವು ಸ್ವೀಡನ್ನಿನ ಸ್ಯಾಂಡ್‌ವಿಕೆನ್‌ಗೆ ಬಂದು ಒಂಬತ್ತು ವರ್ಷವಾಗಿತ್ತು. ಇವರಿಗೆ ಉಕ್ಕಿನ ಕೆಲಸ; ಲೋಹ ಕೊರೆಯುವ ಉಪಕರಣಗಳ ಗಟ್ಟಿತನ ಪರೀಕ್ಷಿಸುವ ಲ್ಯಾಬು. ನನಗೆ ದಾಗಿಸ್‌ನಲ್ಲಿ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ, ಅಡುಗೆಮನೆಯ ಕೆಲಸ. ದಿನಕ್ಕೆ ಎಂಟು ಕಿಲೋ ಆಲೂಗಡ್ಡೆ ಬೇಯಿಸುತ್ತೇನೆ. ಮಗಳು ಸ್ಟಾಕ್‌ಹೋಮಿನ ಕಿಸ್ಟಾದ ಆಫೀಸೊಂದರಲ್ಲಿದ್ದಾಳೆ, ಅಲ್ಲೇ ಹತ್ತಿರ ಬಾಡಿಗೆ ಮನೆ. ಕೆಲಸದ ಮೇಲೆ ಇವರು ಎರಡು ಸಲ ಜಪಾನಿಗೆ ಹೋಗಿದ್ದರು. ಅಲ್ಲಿಯವರು ಒಮ್ಮೆ ಚಹಾ ಮನೆಗೆ ಕರೆದುಕೊಂಡು ಹೋಗಿ ಕೂರಿಸಿದ್ದರಂತೆ. ಬಂದವರು ಮಂಡಿ ನೋವಿನ ವಿಷಯ ಬಿಟ್ಟರೆ ಬೇರೇನೂ ಹೇಳಿರಲಿಲ್ಲ. ಅದು ಅವರಿಗೆ ನಿಜವಾಗಿ ಹಿಡಿಸಿದ್ದು ಆಸ್ಪತ್ರೆಯಲ್ಲಿ. ಪಕ್ಕದ ಊರಿನ ದೊಡ್ಡಾಸ್ಪತ್ರೆಯ ಪ್ರತ್ಯೇಕ ಕೋಣೆಯಲ್ಲಿ ಹದಿನೇಳು ದಿನ ಒಬ್ಬರೇ ಇದ್ದರಲ್ಲ, ಆಗ ಫೋನಿನಲ್ಲಿ ನೋಡುತ್ತಿದ್ದದ್ದು ಇದೇ. ಯಾರೋ ಬಟ್ಟಲು ತೊಳೆಯುತ್ತಾರೆ, ಒರೆಸುತ್ತಾರೆ, ತಿರುಗಿಸುತ್ತಾರೆ, ಇನ್ನೊಬ್ಬರ ಮುಂದೆ ಇಡುತ್ತಾರೆ. ಮಾತಿಲ್ಲ. ಅರ್ಧ ಗಂಟೆ ಬರೀ ಅದೇ ನಡೆಯುತ್ತದೆ. ಅದನ್ನೇನು ನೋಡುತ್ತೀರಿ ಎಂದು ನಾನು ಗಾಜಿನ ಈಚೆಯಿಂದ ಫೋನಿನಲ್ಲಿ ಕೇಳಿದ್ದೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವುದು ನೋಡಲು ಚೆನ್ನಾಗಿದೆ ಎಂದಿದ್ದರು.

ಕೆಮ್ಮು ಶುರುವಾಗಿದ್ದು ಆಗಸ್ಟಿನಲ್ಲಿ. ಲ್ಯಾಬಿನ ಧೂಳು ಎಂದುಕೊಂಡೆವು. ಅಕ್ಟೋಬರಿನಲ್ಲಿ ಕರವಸ್ತ್ರದಲ್ಲಿ ರಕ್ತ ಕಂಡಿತು. ಆಮೇಲೆ ಎಲ್ಲ ಬೇಗ ಬೇಗ. ಎದೆಯ ಎಕ್ಸ್‌ರೇ, ಕಫದ ಪರೀಕ್ಷೆ, ಕೋಣೆ, ಕೊಕ್ಕಿನಂಥ ಮಾಸ್ಕು ಹಾಕಿಕೊಂಡ ನರ್ಸು. ಆ ನರ್ಸೇ ನನಗೂ ಫೋನು ಮಾಡಿ, ಮೂರು ತಿಂಗಳಲ್ಲಿ ಇವರು ಯಾರ ಜೊತೆ ಎಷ್ಟು ಹೊತ್ತು ಕೂತಿದ್ದರು, ಯಾರ ಜೊತೆ ಫಿಕಾಕ್ಕೆ, ಅಂದರೆ ಕೆಲಸದ ನಡುವಿನ ಬಿಡುವಿಗೆ, ಕಾಫಿ ಕುಡಿದರು, ಯಾರ ಮನೆಯಲ್ಲಿ ಊಟ ಮಾಡಿದರು ಎಂದು ಒಂದೂ ಬಿಡದೆ ಬರೆದುಕೊಂಡರು. ನಾನು ಹೇಳಿದ ಹೆಸರಿನವರಿಗೆಲ್ಲ ಪರೀಕ್ಷೆಗೆ ಕರೆ ಹೋಯಿತು. ಊರಿನಲ್ಲಿ ಇರುವುದೇ ನಾಲ್ಕು ಕನ್ನಡದ ಮನೆ. ಯಾರಿಗೂ ಏನೂ ಆಗಿರಲಿಲ್ಲ. ನನಗೂ ಆಗಿರಲಿಲ್ಲ, ಎರಡು ಸಲ ಪರೀಕ್ಷೆಗೆ ರಕ್ತ ಕೊಟ್ಟೆ. ಆದರೆ ನಾಲ್ಕು ಮನೆಯವರೂ ಬರುವುದು ನಿಂತಿತು. ಯುಗಾದಿಗೆ ಒಬ್ಬಟ್ಟು ಬಂತು, ಬಾಗಿಲ ಹಿಡಿಗೆ ನೇತುಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ. ಬೆಲ್ ಆಗಲಿಲ್ಲ. ಇವರು ಎರಡು ತಿಂದು, ಹೂರಣ ನುಣ್ಣಗೆ ರುಬ್ಬಿದ್ದಾರೆ ಎಂದರು. ನನಗೆ ಆ ಮನೆಗಳವರ ಮೇಲೆ ಸಿಟ್ಟು ಬಂದಿತ್ತು. ಯಾವ ಮುಖ ಇಟ್ಟುಕೊಂಡು ಸಿಟ್ಟು ಮಾಡಿಕೊಂಡೆನೋ ಈಗ ತಿಳಿಯುವುದಿಲ್ಲ.

ಯಾಕೆಂದರೆ ನಾನು ಮನೆಯೊಳಗೇ ಅದನ್ನು ಮಾಡುತ್ತಿದ್ದೆ. ಆಸ್ಪತ್ರೆಯಿಂದ ಕಳಿಸುವಾಗ ನರ್ಸು ನನ್ನನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದ್ದರು: ಮಾತ್ರೆ ಶುರುವಾಗಿ ವಾರಗಳು ಕಳೆದಿವೆ, ಇನ್ನು ಇವರಿಂದ ಯಾರಿಗೂ ಹರಡುವುದಿಲ್ಲ, ತಟ್ಟೆ ಲೋಟದಿಂದಂತೂ ಇದು ಹರಡುವ ರೋಗವೇ ಅಲ್ಲ, ಒಂದೇ ಮೇಜಿನಲ್ಲಿ ಊಟ ಮಾಡಿ. ನಾನು ಎಲ್ಲಕ್ಕೂ ಯಾ, ಯಾ ಎಂದೆ. ಮನೆಗೆ ಬಂದು, ಮಗಳು ಬಿಟ್ಟುಹೋಗಿದ್ದ ಕೆಂಪು ನೈಲ್ ಪಾಲಿಶ್ ಹುಡುಕಿ, ಒಂದು ಸ್ಟೀಲ್ ಲೋಟ, ಒಂದು ತಟ್ಟೆ, ಒಂದು ಚಮಚದ ತಳಕ್ಕೆ ಚುಕ್ಕೆ ಇಟ್ಟೆ. ಅವನ್ನು ಡಿಶ್‌ವಾಷರಿಗೆ ಹಾಕದೆ ಬೇರೆ ಕುದಿನೀರಿನಲ್ಲಿ ತೊಳೆದೆ. ಇವರು ಒಂದು ದಿನ, ಯಾಕೆ ಯಾವಾಗಲೂ ಇದೇ ಲೋಟ ಎಂದು ಕೇಳಿದಾಗ, ಮಾತ್ರೆಗೆ ಒಂದೇ ಲೋಟ ಇದ್ದರೆ ಮರೆಯುವುದಿಲ್ಲ ಎಂದೆ. ಅವರು ಆ ಮಾತನ್ನು ತೆಗೆದುಕೊಂಡರು.

ನಾನು ಹೀಗೆ ಮಾಡಿದ್ದಕ್ಕೆ ಕಾರಣ ಹೇಳಬಲ್ಲೆ, ಸಮರ್ಥನೆ ಹೇಳಲಾರೆ. ನಾನು ಏಳು ವರ್ಷದವಳಿದ್ದಾಗ ತುಮಕೂರಿನ ನಮ್ಮ ವಠಾರದ ಮನೆಗೆ, ಗಂಡನ ಮನೆಯವರು ಕಳಿಸಿಬಿಟ್ಟ ಸೋದರತ್ತೆ ಬಂದರು. ಅವರಿಗೂ ಇದೇ ಕ್ಷಯ. ಬಚ್ಚಲಿನ ಪಕ್ಕದ ಸೌದೆ ಕೋಣೆಯಲ್ಲಿ ಮಲಗುತ್ತಿದ್ದರು. ಅವರ ಅಲ್ಯೂಮಿನಿಯಂ ತಟ್ಟೆಯನ್ನು ಹೊಸ್ತಿಲ ಮೇಲೆ ಇಟ್ಟು ಕೋಲಿನಿಂದ ಒಳಕ್ಕೆ ತಳ್ಳುವುದು ನನ್ನ ಕೆಲಸ. ಮಗೂ, ಸ್ವಲ್ಪ ಹೊತ್ತು ಇಲ್ಲೇ ಕೂತ್ಕೊಳ್ಳೇ ಎನ್ನುತ್ತಿದ್ದರು. ನಾನು ಉಸಿರು ಬಿಗಿಹಿಡಿದು ಓಡಿಬರುತ್ತಿದ್ದೆ. ಅವರು ತೀರಿಹೋದಮೇಲೆ ಅಪ್ಪ ತಟ್ಟೆಯನ್ನು ಹಿತ್ತಿಲಲ್ಲಿ ಹೂತುಹಾಕಿದರು. ಆ ಭಯಕ್ಕೆ ನರ್ಸಿನ ಸ್ವೀಡಿಷ್ ತಿಳಿಯಲಿಲ್ಲ ಅಂತಿಟ್ಟುಕೊಳ್ಳಿ.

ಇನ್ನೊಂದು ವಿಷಯವನ್ನೂ ಹೇಳಿಬಿಡಬೇಕು. ನಮ್ಮ ಮನೆಗಳಲ್ಲಿ ಲೋಟಕ್ಕೆ ತುಟಿ ತಾಗಿಸುವುದಿಲ್ಲ. ನೀರಿರಲಿ, ಕಾಫಿಯಿರಲಿ, ಎತ್ತಿ ಕುಡಿಯುತ್ತೇವೆ. ಎಂಜಲಿನ ಲೆಕ್ಕಾಚಾರ ಅಷ್ಟು ಬಿಗಿ. ಆದರೆ ಗಂಡ ಹೆಂಡತಿಗೆ ಆ ಲೆಕ್ಕ ಇಲ್ಲ. ಅಮ್ಮ ಹಬ್ಬದ ದಿನ ಅಪ್ಪ ಉಂಡೆದ್ದ ಎಲೆಯಲ್ಲೇ ಬಡಿಸಿಕೊಂಡು ಕೂರುತ್ತಿದ್ದಳು. ನಾನು ಅಷ್ಟು ಮಾಡಿದವಳಲ್ಲ. ಆದರೂ ಮದುವೆಯಾದ ಇಪ್ಪತ್ತೇಳು ವರ್ಷವೂ ಇವರ ಬೆಳಗಿನ ಕಾಫಿಯ ಕಡೆಯ ಎರಡು ಗುಟುಕು ನನ್ನದಾಗಿತ್ತು. ತಳದಲ್ಲಿ ಸಕ್ಕರೆ ನಿಂತಿರುತ್ತದೆ, ನನಗೆ ಸಿಹಿ ಇಷ್ಟ ಎಂದು ಬಿಟ್ಟಿಡುತ್ತಿದ್ದರು. ಆಸ್ಪತ್ರೆಯಿಂದ ಬಂದ ಮೊದಲ ವಾರ ಬಿಟ್ಟಿಟ್ಟರು. ನಾನು ಸಿಂಕಿಗೆ ಚೆಲ್ಲಿದೆ. ಎರಡನೆಯ ವಾರದಿಂದ ಪೂರ್ತಿ ಕುಡಿದು ಲೋಟ ಖಾಲಿ ಮಾಡಿ ಇಡತೊಡಗಿದರು.

ಶನಿವಾರ ಬೆಳಿಗ್ಗೆ ರೈಲು ಹಿಡಿದೆವು. ರಸ್ತೆಯ ಮೇಲೆ ಚಳಿಗಾಲದಲ್ಲಿ ಜಾರದಂತೆ ಚೆಲ್ಲಿದ್ದ ಜಲ್ಲಿಯನ್ನು ಇನ್ನೂ ಗುಡಿಸಿರಲಿಲ್ಲ. ಇವರು ಹೆಜ್ಜೆ ಹಾಕಿದಂತೆಲ್ಲ ಅದು ಕರಕರ ಎನ್ನುತ್ತಿತ್ತು. ಹನ್ನೊಂದು ಕಿಲೋ ಇಳಿದಿದ್ದ ಮೈಗೆ ಕೋಟು ಹ್ಯಾಂಗರಿಗೆ ನೇತುಹಾಕಿದಂತೆ ಕಾಣುತ್ತಿತ್ತು. ಯೆವ್ಲೆಯಲ್ಲಿ ರೈಲು ಬದಲಾಯಿಸಿ ಕೂತಮೇಲೆ, ಕಿಟಕಿಯ ಕಡೆ ನೋಡುತ್ತಲೇ ಹೇಳಿದರು.

"ಇವತ್ತು ಗಟ್ಟಿ ಚಹಾ ಕೊಡ್ತಾರಂತೆ. ಅದನ್ನ ಎಲ್ರೂ ಒಂದೇ ಬಟ್ಟಲಲ್ಲಿ ಕುಡೀಬೇಕು. ನರ್ಸಿಗೆ ಫೋನ್ ಮಾಡಿ ಕೇಳ್ದೆ. ಧಾರಾಳವಾಗಿ ಕುಡೀರಿ ಅಂದ್ರು."

"ಬೇರೆ ಬಟ್ಟಲು ಕೊಡಲ್ವಾ?" ಎಂದೆ.

"ಕೇಳಿದ್ರೆ ಕೊಡ್ತಾರೆ. ಬೇಡ ಅಂತ ಬರ್ಸಿದೀನಿ ಮಗಳ ಹತ್ರ." ಕೋಟಿನ ಗುಂಡಿ ಬಿಚ್ಚುತ್ತಾ, "ಆರು ತಿಂಗಳಾಯ್ತು ಕಣೇ, ನಾನು ಮುಟ್ಟಿದ್ದನ್ನ ಇನ್ನೊಬ್ಬರು ಮುಟ್ಟಿ" ಎಂದರು.

ನಾನು ಚೀಲದಿಂದ ಚಪಾತಿ ಪೊಟ್ಟಣ ತೆಗೆದು ಬಿಚ್ಚಿದೆ. ಅವರಿಗೆ ಬೇಕಾದದ್ದು ಚಹಾ ಅಲ್ಲ ಎಂದು ಅಷ್ಟರಲ್ಲೇ ಅರ್ಥವಾಗಿತ್ತು. ರೋಗ ಹೋಗಿದೆ ಎಂದು ಡಾಕ್ಟರು ಕಾಗದದಲ್ಲಿ ಬರೆದು ಕೊಟ್ಟಿದ್ದರು. ಆ ಕಾಗದ ಅವರಿಗೆ ಸಾಲದು. ತಾವು ಕುಡಿದ ಕಡೆ ಇನ್ನೊಬ್ಬರು ಕುಡಿಯುವುದನ್ನು ಅವರು ಕಣ್ಣಿನಿಂದ ನೋಡಬೇಕಿತ್ತು.

ಸೆಂಟ್ರಲ್ ಸ್ಟೇಷನ್ನಿನಲ್ಲಿ ಮಗಳು ಕಾಯುತ್ತಿದ್ದಳು. ಅಪ್ಪನನ್ನು ತಬ್ಬಿಕೊಂಡು, "ಅಪ್ಪಾ, ಫುಲ್ ಸ್ಲಿಮ್ ಆಗ್ಬಿಟ್ಟಿದೀಯ, ನಂಗೆ ಜೆಲಸ್ ಆಗ್ತಿದೆ" ಎಂದಳು. ಇವರು ನಕ್ಕರು. ನನ್ನನ್ನು ನೋಡಿ, ಇಷ್ಟು ಒಳ್ಳೆಯ ಸೀರೆ ಯಾಕೆ ಉಟ್ಟೆ, ನೆಲದ ಮೇಲೆ ಕೂರಬೇಕು ಎಂದಳು. ಮೊಲದ ಬಿಳುಪಿನ ರೇಷ್ಮೆ, ಸಣ್ಣ ಹಸಿರು ಅಂಚು. ಗುಣವಾದ ದಿನಕ್ಕೆಂದು ಉಟ್ಟಿದ್ದೆ.

ಚಹಾ ಮನೆ ಎಂದರೆ ತೋಟ, ಕಲ್ಲು, ಬಿದಿರು ಎಂದುಕೊಂಡಿದ್ದೆ. ಅದು ಹಳೆಯ ಅಪಾರ್ಟ್‌ಮೆಂಟೊಂದರ ನೆಲಮಾಳಿಗೆ. ಒಂದು ಬಾಗಿಲು ಕಟ್ಟಡದವರೆಲ್ಲ ಸರದಿಯಂತೆ ಬಟ್ಟೆ ಒಗೆಯುವ ಕೋಣೆಗೆ, ಪಕ್ಕದ್ದು ಇದಕ್ಕೆ. ಒಳಗೆ ಹೋದರೆ ಬೇರೆಯೇ ಲೋಕ: ಹುಲ್ಲಿನ ವಾಸನೆಯ ದಪ್ಪ ಚಾಪೆ, ಮಣ್ಣಿನ ಬಣ್ಣದ ಗೋಡೆ, ಮೂಲೆಯಲ್ಲಿ ಒಂದೇ ಒಂದು ಬರ್ಚ್ ಕೊಂಬೆ, ನೆಲದಲ್ಲಿ ಇಳಿಸಿದ ಒಲೆ, ಅದರ ಮೇಲೆ ಕಬ್ಬಿಣದ ಹಂಡೆ. ಗೋಡೆಯಾಚೆ ವಾಷಿಂಗ್ ಮೆಷಿನ್ ತಿರುಗುವುದು ಸಣ್ಣಗೆ ಕೇಳುತ್ತಿತ್ತು. ಚಹಾ ಮಾಡುವವರು ಅರವತ್ತು ದಾಟಿದ ಸ್ವೀಡಿಷ್ ಹೆಂಗಸು, ಬೂದು ಕಿಮೋನೊ ಉಟ್ಟಿದ್ದರು. ಜಪಾನಿನಲ್ಲಿ ಹನ್ನೊಂದು ವರ್ಷ ಇದನ್ನು ಕಲಿತವರಂತೆ. ಅವರ ಹಳೆಯ ಶಿಷ್ಯೆಯೊಬ್ಬರು, ಎಂಬತ್ತರ ಹತ್ತಿರದ ಅಜ್ಜಿ, ಮೊದಲ ಅತಿಥಿಯಾಗಿ ಕೂತರು. ಮೊದಲ ಅತಿಥಿ ಮಾಡಿದಂತೆ ಉಳಿದವರು ಮಾಡಿಕೊಂಡು ಹೋದರಾಯಿತು. ಅಜ್ಜಿಯ ಪಕ್ಕ ಇವರು, ಇವರ ಪಕ್ಕ ನಾನು, ಕೊನೆಯಲ್ಲಿ ಮಗಳು.

ಮೊದಲು ನೆಲ್ಲಿಕಾಯಿಯಷ್ಟು ದೊಡ್ಡ ಸಿಹಿ ಕೊಟ್ಟರು. ಆಮೇಲೆ ಆ ಹೆಂಗಸು ಸೊಂಟದಿಂದ ರೇಷ್ಮೆಯ ಬಟ್ಟೆ ತೆಗೆದು ಮಡಚಿ ಡಬ್ಬಿ ಒರೆಸಿದರು, ಚಮಚ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ನನಗೆ ನಮ್ಮಜ್ಜಿ ದೇವರ ಪಾತ್ರೆ ಉಜ್ಜಲು ಕೂರುತ್ತಿದ್ದದ್ದು ನೆನಪಾಯಿತು. ಈ ಹೆಂಗಸೂ ನಮ್ಮ ಹಾಗೆಯೇ ಮಡಿಯವರು ಎಂದುಕೊಂಡು ಸ್ವಲ್ಪ ಸಮಾಧಾನವಾಯಿತು. ಇಷ್ಟೆಲ್ಲ ಶುದ್ಧ ಮಾಡಿ, ಕೊನೆಗೆ ನಾಲ್ಕು ಬಾಯಿಗೆ ಒಂದು ಬಟ್ಟಲು. ಕಪ್ಪು, ಒರಟು, ಎರಡೂ ಕೈಯಲ್ಲಿ ಹಿಡಿಯುವಂಥದ್ದು. ಒಳಗಿನ ಚಹಾ ರುಬ್ಬಿದ ಗೋರಂಟಿಯಷ್ಟು ಹಸಿರು, ಹೆಚ್ಚುಕಡಿಮೆ ಅಷ್ಟೇ ಗಟ್ಟಿ.

ಅಜ್ಜಿ ಬಾಗಿ ನಮಸ್ಕರಿಸಿ, ಮೂರು ಗುಟುಕು ಕುಡಿದು, ಒದ್ದೆ ಬಟ್ಟೆಯಿಂದ ಅಂಚನ್ನು ಒಮ್ಮೆ ಒರೆಸಿ ಇವರಿಗೆ ಕೊಟ್ಟರು. ಇವರು ಅಜ್ಜಿ ಕುಡಿದ ಕಡೆಗೇ ತುಟಿ ಇಟ್ಟು ಕುಡಿದರು. ಆಮೇಲೆ ಒರೆಸಲು ತೊಡಗಿದರು. ಒಮ್ಮೆ ಒರೆಸಿದರು. ಬಟ್ಟೆಯನ್ನು ಮಗುಚಿ ಇನ್ನೊಮ್ಮೆ. ಆಮೇಲೆ ಬೆರಳನ್ನು ಬಟ್ಟೆಯೊಳಗೆ ಇಟ್ಟು ಅಂಚಿನ ಒಳಮೈ, ಹೊರಮೈ. ಕಿಮೋನೊದವರು ತಲೆಯೆತ್ತಿ ನೋಡಿದರು. ನಾಲ್ಕನೆಯ ಸಲ ಒರೆಸಿ, ಬಟ್ಟಲನ್ನು ತಿರುಗಿಸಿ, ನನ್ನ ಕಡೆಗೆ ಹೊರಳಿ, ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ನನಗೆ ತಲೆ ಬಾಗಿ ಬಟ್ಟಲು ಕೊಟ್ಟರು.

ಬೆಚ್ಚಗಿತ್ತು. ಅವರ ಕೈಯ ಬಿಸಿಯೋ ಚಹಾದ ಬಿಸಿಯೋ. ಅಂಚು ಒದ್ದೆಯಾಗಿ ಮಿನುಗುತ್ತಿತ್ತು. ಕುಡಿಯಬೇಕು ಎಂದೇ ಇದ್ದೆ, ಸುಳ್ಳು ಹೇಳುತ್ತಿಲ್ಲ. ಬಟ್ಟಲು ಮೂಗಿನ ಹತ್ತಿರ ಬಂದಾಗ ಉಸಿರು ತಾನಾಗಿ ಬಿಗಿಯಿತು, ಏಳು ವರ್ಷದವಳ ಉಸಿರು. ಮುಂದಿನದನ್ನು ಕೈ ಮಾಡಿತು. ಬಟ್ಟಲನ್ನು ಮೇಲಕ್ಕೆತ್ತಿ, ತಲೆ ಹಿಂದಕ್ಕೆ ಬಾಗಿಸಿ, ಬಾಯಿಯಿಂದ ನಾಲ್ಕು ಬೆರಳು ದೂರದಲ್ಲಿ ಬಗ್ಗಿಸಿದೆ.

ನೀರು ಬೀಳುವಂತೆ ಅದು ಬೀಳುವುದಿಲ್ಲ. ಮೊದಲು ಏನೂ ಬರಲಿಲ್ಲ. ಇನ್ನಷ್ಟು ಬಗ್ಗಿಸಿದೆ. ಆಮೇಲೆ ಒಂದು ದಪ್ಪ ಎಳೆ ನಿಧಾನವಾಗಿ ಇಳಿದು, ಗಲ್ಲದ ಮೇಲೆ, ಕುತ್ತಿಗೆಯ ಮೇಲೆ, ಸೀರೆಯ ಮೇಲೆ, ಚಾಪೆಯ ಮೇಲೆ ಬಿತ್ತು. ಬಾಯಿಗೆ ಹೋದದ್ದು ಸಾಸಿವೆಯಷ್ಟು, ಕಹಿ.

"ಅಮ್ಮಾ, ಏನ್ ಮಾಡ್ತಿದೀಯ ನೀನು?" ಎಂದಳು ಮಗಳು.

ಯಾರೂ ನಗಲಿಲ್ಲ. ಕಿಮೋನೊದವರು ಎದ್ದು ಬಂದು, ಬಿಳಿ ಕಾಗದ ಕೊಟ್ಟು, ಚಾಪೆಯನ್ನು ತಾವೇ ಒರೆಸಿದರು. ಮಗಳು ಕೆಂಪಾಗಿ, ನಮ್ಮ ಕಡೆ ಪಾತ್ರೆಗೆ ತುಟಿ ತಾಗಿಸುವುದಿಲ್ಲ, ಇನ್ನೊಬ್ಬರಿಗೆ ಮರ್ಯಾದೆ ಕೊಡುವ ಕ್ರಮ ಅದು ಎಂದು ಸ್ವೀಡಿಷಿನಲ್ಲಿ ವಿವರಿಸಿದಳು. ಕಿಮೋನೊದವರ ಮುಖ ಅರಳಿತು. ಎಷ್ಟು ಸೊಗಸಾದ ಪದ್ಧತಿ, ನಾನೇ ಮೊದಲು ಕೇಳಬೇಕಿತ್ತು ಎಂದು ನನ್ನ ಕ್ಷಮೆ ಕೇಳಿದರು. ಅಜ್ಜಿಗೆ ಕುತೂಹಲ. ಮನೆಯಲ್ಲೂ ಹೀಗೆಯೇ? ಗಂಡ ಹೆಂಡತಿಯ ನಡುವೆಯೂ? ಎಂದು ಕೇಳಿದರು.

ಮಗಳು ನನ್ನ ಮುಖ ನೋಡಿದಳು. ನಾನು ಹೌದು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೌದು ಎನ್ನಲು ಬಾಯಿ ತೆರೆದೆ.

"ನೇಯ್" ಎಂದರು ಇವರು, ಇಲ್ಲ ಎನ್ನಲು ಸ್ವೀಡನ್ನಿನವರು ಎನ್ನುವಂತೆಯೇ, ಮೆಲ್ಲಗೆ. ಆಮೇಲೆ ಸ್ವೀಡಿಷಿನಲ್ಲೇ ಒಂದೊಂದೇ ಪದ ಹುಡುಕಿ ಜೋಡಿಸಿ ಹೇಳಿದರು: ಗಂಡ ಹೆಂಡತಿಯ ನಡುವೆ ಆ ಪದ್ಧತಿ ಇಲ್ಲ.

ಅಜ್ಜಿ ತಲೆಯಾಡಿಸಿದರು. ಗೋಡೆಯಾಚೆಯ ಮೆಷಿನ್ ಬಟ್ಟೆ ಹಿಂಡಲು ಜೋರಾಗಿ ತಿರುಗತೊಡಗಿತು. ಮಗಳು ನನ್ನ ಕೈಯಿಂದ ಬಟ್ಟಲನ್ನು ತೆಗೆದುಕೊಂಡು, ಒರೆಸದೆ, ಅಪ್ಪ ಕುಡಿದ ಕಡೆ ಯಾವುದೆಂದು ನೋಡಿ, ಅಲ್ಲಿಂದಲೇ ಉಳಿದದ್ದನ್ನೆಲ್ಲ ಕುಡಿದಳು. ತಳದಲ್ಲಿ ಉಳಿದಿದ್ದನ್ನು ಸದ್ದು ಮಾಡಿ ಹೀರಿದಳು. ಹಾಗೆ ಮಾಡುವುದು ಅಲ್ಲಿ ಕ್ರಮವಂತೆ. ಇವರು ಅವಳನ್ನು ನೋಡುತ್ತಿದ್ದರು. ನಾನು ಕಾಗದದಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದೆ.

ವಾಪಸು ಬರುವಾಗ ಯೆವ್ಲೆಯಲ್ಲಿ ರೈಲು ಬದಲಾಯಿಸಿ ಕೂತೆವು. ನಾನೇ ಮಾತು ಶುರು ಮಾಡಿದೆ.

"ರೀ, ಅಭ್ಯಾಸಬಲ ಅದು. ಕೈ ತಾನಾಗೇ ಮೇಲಕ್ಕೆ ಹೋಯ್ತು."

"ಲೋಟದ ತಳದಲ್ಲಿ ಕೆಂಪು ಚುಕ್ಕೆ ಇದೆ" ಎಂದರು. "ತಟ್ಟೆಗೂ ಇದೆ. ಮೊದಲ ದಿನಾನೇ ನೋಡ್ದೆ."

"ಮಾತ್ರೆಗೆ ಅಂತ..."

"ಚಮಚಕ್ಕೂ ಇದೆಯಲ್ಲೇ." ಕೋಪವಿರಲಿಲ್ಲ ದನಿಯಲ್ಲಿ. "ನೀನು ಹೆದರಿದೀಯ ಅಂತ ಸುಮ್ನಿದ್ದೆ. ಮಾತ್ರೆ ಮುಗಿದ್ಮೇಲೆ ಸರಿಹೋಗತ್ತೆ ಅಂದ್ಕೊಂಡೆ."

ನಾನು ಸೋದರತ್ತೆಯ ಕಥೆ ಹೇಳಲು ಹೊರಟೆ. ಅದು ಅವರಿಗೆ ಗೊತ್ತಿದ್ದದ್ದೇ, ಮದುವೆಯಾದ ಹೊಸದರಲ್ಲಿ ನಾನೇ ಅತ್ತುಕೊಂಡು ಹೇಳಿದ್ದೆ. ಅವರು ಕೈಯೆತ್ತಿ ತಡೆದರು. "ಅವರ ತಟ್ಟೇನ ಕೋಲಲ್ಲಿ ತಳ್ಳಿದ್ದು ತಪ್ಪು ಅಂತ ಅತ್ತಿದ್ದೆ ನೀನು" ಎಂದರು. ಸ್ಯಾಂಡ್‌ವಿಕೆನ್ ಬಂತು. ಇಳಿದೆವು.

ಮನೆಗೆ ಬಂದವಳು ನೈಲ್ ಪಾಲಿಶ್ ರಿಮೂವರಿನಿಂದ ಚುಕ್ಕೆಗಳನ್ನೆಲ್ಲ ಅಳಿಸಿದೆ. ಎಲ್ಲ ಪಾತ್ರೆಗಳನ್ನೂ ಒಟ್ಟಿಗೆ ಡಿಶ್‌ವಾಷರಿಗೆ ಹಾಕಿದೆ. ಮರುದಿನ ನೋಡಿದರೆ, ಇವರು ತಿಂಡಿ ತಿಂದ ತಟ್ಟೆಯನ್ನು ತಾವೇ ತೊಳೆದು ಒರೆಸಿ ಕಿಟಕಿಯ ಹತ್ತಿರ ಬೇರೆಯಾಗಿ ಇಟ್ಟಿದ್ದರು. ಚುಕ್ಕೆಯಿಲ್ಲದಿದ್ದರೂ ಅದು ಯಾವುದೆಂದು ಅವರಿಗೆ ಗೊತ್ತಿತ್ತು. ಒಂದು ವಾರ ಹೀಗೇ ಆಯಿತು. ಒಂದು ಸಂಜೆ ತಡೆಯಲಾರದೆ, ಅವರ ತಟ್ಟೆಯಲ್ಲಿದ್ದ ಅರ್ಧ ದೋಸೆಗೆ ಕೈ ಹಾಕಿದೆ. ತಟ್ಟೆಯನ್ನು ಮೆತ್ತಗೆ ತಮ್ಮ ಕಡೆಗೆ ಎಳೆದುಕೊಂಡರು. "ಬೇಡ ಬಿಡು. ನಿನ್ನ ಕೈ ನಡುಗ್ತಿದೆ" ಎಂದರು. ನಡುಗುತ್ತಿತ್ತು ನಿಜ. ನಾನು ಹೊಸದಾಗಿ ಒಂದು ದೋಸೆ ಹುಯ್ದು ಅವರಿಗೇ ಹಾಕಿದೆ.

ಇವೆಲ್ಲ ಆಗಿ ಎರಡು ವರ್ಷ. ನಮ್ಮಲ್ಲಿ ಜಗಳವಿಲ್ಲ. ಹಾಲು, ಕರೆಂಟು, ಊರಿಗೆ ಫೋನು, ಎಲ್ಲ ಮಾತೂ ಆಗುತ್ತದೆ. ಹನ್ನೊಂದರಲ್ಲಿ ಒಂಬತ್ತು ಕಿಲೋ ಮರಳಿ ಬಂದಿವೆ. ಕನ್ನಡದ ಮನೆಯವರು ಮೊದಲಿನಂತೆ ಬರುತ್ತಾರೆ, ಕೂರುತ್ತಾರೆ, ಉಣ್ಣುತ್ತಾರೆ. ಅವರು ಎದ್ದುಹೋದಮೇಲೆ ಇವರು ತಮ್ಮ ತಟ್ಟೆಯನ್ನು ತಾವು ತೊಳೆಯುತ್ತಾರೆ. ತಿಂಗಳಿಗೆ ಎರಡು ಶನಿವಾರ ಸ್ಟಾಕ್‌ಹೋಮಿಗೆ ಹೋಗುತ್ತಾರೆ. ಆ ನೆಲಮಾಳಿಗೆಯಲ್ಲಿ ಚಹಾ ಕಲಿಯುತ್ತಿದ್ದಾರೆ. ನನ್ನನ್ನು ಬಾ ಎಂದವರಲ್ಲ, ಬೇಡ ಎಂದವರೂ ಅಲ್ಲ.

ಹೋದ ನವೆಂಬರಿನಲ್ಲಿ ಮಗಳ ಮನೆಯಲ್ಲಿದ್ದವಳು, ಇವರನ್ನು ಕರೆದುಕೊಂಡು ಹೋಗೋಣವೆಂದು ಒಬ್ಬಳೇ ಅಲ್ಲಿಗೆ ಹೋದೆ. ಸರಿಯುವ ಬಾಗಿಲು ಒಂದು ಗೇಣು ತೆರೆದಿತ್ತು. ಒಳಗೆ ಐದು ಜನ. ಇವರು ಎರಡನೆಯವರಾಗಿ ಕೂತಿದ್ದರು. ಮಂಡಿಯೂರಿ ಕೂತ ಬೆನ್ನು ನೆಟ್ಟಗಿತ್ತು. ಕುಡಿದು, ಅಂಚನ್ನು ಒಮ್ಮೆ, ಒಮ್ಮೆ ಮಾತ್ರ, ಒರೆಸಿ, ಪಕ್ಕದಲ್ಲಿದ್ದವನಿಗೆ ಕೊಟ್ಟರು. ಯಾರೋ ಒಬ್ಬ, ನೀಲಿ ಸ್ವೆಟರಿನ ಗಡ್ಡದವನು. ಅವನು ಬಟ್ಟಲನ್ನು ತೆಗೆದುಕೊಂಡು ಏನನ್ನೂ ಯೋಚಿಸದೆ ತುಟಿ ಇಟ್ಟು ಕುಡಿದ. ಇವರ ಮುಖ ನನಗೆ ಅರ್ಧ ಕಾಣುತ್ತಿತ್ತು. ಆ ಮುಖವನ್ನು ನಾನು ಮನೆಯಲ್ಲಿ ನೋಡದೆ ಬಹಳ ದಿನವಾಗಿತ್ತು.

ಪಾಠದ ನಡುವೆ ನೀರು ತರಲು ಹೊರಗೆ ಬಂದವರು ನನ್ನನ್ನು ನೋಡಿ ಗಾಬರಿಯಾಗಲಿಲ್ಲ.

"ಬಂದ್ಯಾ? ಇನ್ನೂ ಅರ್ಧ ಗಂಟೆ ಆಗತ್ತೆ" ಎಂದರು. "ಇಲ್ಲಿ ಚಳಿ. ಆ ಬಟ್ಟೆ ಒಗೆಯೋ ಕೋಣೇಲಿ ಬೆಂಚಿದೆ, ಬೆಚ್ಚಗಿರತ್ತೆ, ಅಲ್ಲಿ ಕೂತಿರು."

ಅಲ್ಲಿ ಹೋಗಿ ಕೂತೆ. ಮೂರು ಮೆಷಿನ್‌ಗಳು ತಿರುಗುತ್ತಿದ್ದವು. ಯಾರೋ ಒಬ್ಬ ಹೆಂಗಸು ಬಂದು ತನ್ನ ಬಟ್ಟೆಗಳನ್ನು ಬುಟ್ಟಿಗೆ ಹಾಕಿಕೊಳ್ಳುತ್ತಾ, ನೀವು ಯಾವ ಮನೆಯವರು ಎಂದು ಕೇಳಿದಳು. ಈ ಕಟ್ಟಡದವಳಲ್ಲ, ಕಾಯುತ್ತಿದ್ದೇನೆ ಎಂದೆ.